ಕಾರಿನ ಟೈರಿಗೆ ಪಾಲಿಶ್: ಯಾವುದು ತಗೋಬೇಕು, ಹೇಗೆ ಹಚ್ಚಬೇಕು

ಕಾರನ್ನು ಎಷ್ಟೇ ಚೆನ್ನಾಗಿ ತೊಳೆದರೂ ಟೈರ್ ಮಾಸಲಾಗಿದ್ದರೆ ಕೆಲಸ ಅರ್ಧಕ್ಕೇ ಬಿಟ್ಟ ಹಾಗೆ ಕಾಣುತ್ತದೆ. ಮೈಸೂರಿನ ಮೇಟಗಳ್ಳಿ ಕಡೆ ನಾನು ಸಣ್ಣದೊಂದು ಡೀಟೇಲಿಂಗ್ ಅಂಗಡಿ ನಡೆಸುತ್ತೇನೆ. ಗಾಡಿ ಬಿಡುವಾಗ ಗಿರಾಕಿಗಳು ಹೇಳುವ ಮಾತು ಹೆಚ್ಚುಕಮ್ಮಿ ಒಂದೇ: "ಸಾರ್, ಟೈರ್ ಪಳಪಳ ಅನ್ನಬೇಕು." ನಾನು ಅವರಿಗೆ ಹೇಳುವುದೂ ಒಂದೇ. ಪಳಪಳ ಬೇಡ ಸಾರ್, ಕಪ್ಪಗಿದ್ದರೆ ಸಾಕು. ಟೈರ್ ಅಂಗಡಿಯಲ್ಲಿ ಜೋಡಿಸಿಟ್ಟ ಹೊಸ ಟೈರ್ ನೋಡಿ. ಅದು ಹೊಳೆಯುವುದಿಲ್ಲ. ಮುಟ್ಟಿದರೆ ಕೈಗೆ ಜಿಡ್ಡು ಹತ್ತುವುದಿಲ್ಲ. ಗಾಢ ಕಪ್ಪಗೆ, ಒಣಗಿ ಇರುತ್ತದೆ. ಹಳೆ ಟೈರನ್ನು ಆ ಬಣ್ಣಕ್ಕೆ ತರುವುದೇ ಒಳ್ಳೆ ಟೈರ್ ಡ್ರೆಸ್ಸಿಂಗ್ ಅನ್ನೋದು ನನ್ನ ಅಭಿಪ್ರಾಯ. ಅದರಲ್ಲಿ ಮುಕ್ಕಾಲು ಪಾಲು ಕೆಲಸ ಬ್ರಷ್ಷಿನದು. ಬಾಟಲಿ ಬರೋದು ಆಮೇಲೆ.

ಮೊದಲು ಟೈರ್ ಯಾಕೆ ಬಣ್ಣ ಕಳೆದುಕೊಳ್ಳುತ್ತದೆ ಅಂತ ತಿಳಿದುಕೊಳ್ಳಬೇಕು. ನಮ್ಮ ಪಕ್ಕದ ಕೆ.ಆರ್.ಎಸ್. ರಸ್ತೆಯಲ್ಲಿರುವ ಟೈರ್ ಫ್ಯಾಕ್ಟರಿಯನ್ನು ಜೆ.ಕೆ. ಟೈರ್‌ನವರು 1997ರಲ್ಲೇ ತೆಗೆದುಕೊಂಡರು. ಆದರೂ ಇಲ್ಲಿನ ಜನ ಈಗಲೂ ಅದನ್ನು ವಿಕ್ರಾಂತ್ ಅಂತಲೇ ಕರೆಯುತ್ತಾರೆ. ಅಲ್ಲಿ ಕೆಲಸ ಮಾಡಿ ರಿಟೈರ್ ಆದ ಹಿರಿಯರು ನಮ್ಮಲ್ಲಿಗೆ ಬರುತ್ತಿರುತ್ತಾರೆ. ಗಾಡಿ ತೊಳೆಯುವಷ್ಟು ಹೊತ್ತು ನಿಂತು ರಬ್ಬರಿನ ವಿಷಯ ಹೇಳುತ್ತಾರೆ. ರಬ್ಬರ್ ಹುಟ್ಟಿನಿಂದ ಕಪ್ಪಲ್ಲ. ಅದಕ್ಕೆ ಕಾರ್ಬನ್ ಬ್ಲ್ಯಾಕ್ ಅನ್ನುವ ಕಾಡಿಗೆಪುಡಿ ಬೆರೆಸುತ್ತಾರೆ. ಟೈರಿಗೆ ಗಟ್ಟಿತನ ಬರುವುದೂ, ಬಿಸಿಲಿಗೆ ತಡೆದುಕೊಳ್ಳುವ ಶಕ್ತಿ ಬರುವುದೂ ಅದರಿಂದಲೇ. ಜೊತೆಗೆ ಮೇಣ ಹಾಕುತ್ತಾರೆ. ಗಾಳಿಯಲ್ಲಿರುವ ಓಝೋನ್ ತಾಗಿ ರಬ್ಬರ್ ಬಿರಿಯದ ಹಾಗೆ ಕಾಯುವ ಇನ್ನೊಂದು ರಾಸಾಯನಿಕವನ್ನೂ ಸೇರಿಸುತ್ತಾರೆ. ಇವೆರಡೂ ಒಳಗೇ ಕೂತಿರುವುದಿಲ್ಲ. ಗಾಡಿ ಓಡುವಾಗ ಟೈರ್ ಅದುಮಿ ಅರಳುತ್ತದಲ್ಲ, ಆಗ ಮೆಲ್ಲಗೆ ಮೇಲಕ್ಕೆ ಬರುತ್ತಾ ಇರುತ್ತವೆ. ಹಾಗೆ ಬಂದದ್ದು ಗಾಳಿ ತಾಗಿ ಕಂದು ಬಣ್ಣಕ್ಕೆ ತಿರುಗುತ್ತದೆ.

ಅಂದರೆ "ಎಷ್ಟು ತೊಳೆದರೂ ಟೈರಿನ ಕಂದು ಹೋಗಲ್ಲ" ಅಂತ ನೀವು ಬೇಸರ ಮಾಡಿಕೊಳ್ಳುತ್ತೀರಲ್ಲ, ಅದು ಬರೀ ಕೊಳೆ ಅಲ್ಲ. ಟೈರ್ ತನ್ನನ್ನು ತಾನು ಕಾಯ್ದುಕೊಳ್ಳುತ್ತಿರುವ ಗುರುತು. ತಿಂಗಳುಗಟ್ಟಲೆ ಅಲುಗಾಡದೆ ನಿಂತ ಕಾರಿನ ಟೈರಿನಲ್ಲಿ ಈ ಮೇಣ ಸರಿಯಾಗಿ ಮೇಲೆ ಬರುವುದಿಲ್ಲ. ಅದಕ್ಕೇ ನಿಂತ ಗಾಡಿಯ ಟೈರು ಬೇಗ ಬಿರಿಯುತ್ತದೆ. ಆದ್ದರಿಂದ ಕಂದು ತೆಗೆಯಬೇಕು ಅಂತ ವಾರ ವಾರ ಖಾರದ ಕೆಮಿಕಲ್ ಹಾಕಿ ಉಜ್ಜಬೇಡಿ. ತಿಂಗಳಿಗೊಮ್ಮೆ ಜೋರಾಗಿ ತಿಕ್ಕಿ. ಉಳಿದ ವಾರಗಳಲ್ಲಿ ಕಾರ್ ಶಾಂಪೂ ಸಾಕು.

ಇದೇ ಕಾರಣಕ್ಕೆ ಡೀಸೆಲ್, ಸೀಮೆಎಣ್ಣೆ, ಹಳೇ ಎಂಜಿನ್ ಆಯಿಲ್ ಇವನ್ನು ಟೈರಿನ ಹತ್ತಿರ ತರಲೇಬೇಡಿ. ವಾಟರ್ ಸರ್ವಿಸ್ ಮಾಡಿದ ಮೇಲೆ ಗಾಡಿಯ ಅಡಿಗೂ ಟೈರಿಗೂ ಡೀಸೆಲ್ ಸ್ಪ್ರೇ ಹೊಡೆಯುವ ಪದ್ಧತಿ ಇನ್ನೂ ಕೆಲವು ಕಡೆ ಇದೆ. ಹೊಡೆದ ತಕ್ಷಣ ಟೈರ್ ಕಪ್ಪಗೆ ಮಿಂಚುತ್ತದೆ ನಿಜ. ಆದರೆ ಪೆಟ್ರೋಲಿಯಂ ಎಣ್ಣೆಯನ್ನು ರಬ್ಬರ್ ಹೀರಿಕೊಳ್ಳುತ್ತದೆ, ಹೀರಿಕೊಂಡು ಉಬ್ಬುತ್ತದೆ, ಮೆತ್ತಗಾಗುತ್ತದೆ. ಒಳಗಿನ ಮೇಣವೂ ಎಣ್ಣೆಯ ಜೊತೆ ಕರಗಿ ಹೋಗುತ್ತದೆ. ಸರ್ವಿಸಿಗೆ ಬಿಡುವಾಗಲೇ "ಟೈರಿಗೆ ಡೀಸೆಲ್ ಹೊಡೆಯಬೇಡಪ್ಪ" ಅಂತ ಬಾಯಿಬಿಟ್ಟು ಹೇಳಿ. ಕೊಬ್ಬರಿ ಎಣ್ಣೆ, ಹರಳೆಣ್ಣೆ ಹಚ್ಚುವವರೂ ಇದ್ದಾರೆ. ಅದು ಒಣಗುವುದೇ ಇಲ್ಲ. ರಸ್ತೆಯ ಧೂಳನ್ನೆಲ್ಲ ಮೆತ್ತಿಕೊಂಡು ಸಂಜೆಗೆ ಟೈರ್ ಕೆಂಪಗಾಗಿರುತ್ತದೆ.

ಈಗ ಬಾಟಲಿಯ ವಿಷಯ. ಅಂಗಡಿಯಲ್ಲಿ ನೂರು ಹೆಸರಿದ್ದರೂ ಜಾತಿ ಎರಡೇ. ಒಂದು ನೀರಿನಲ್ಲಿ ಬೆರೆಸಿದ್ದು, ಇನ್ನೊಂದು ಥಿನ್ನರಿನಂಥ ಪೆಟ್ರೋಲಿಯಂ ಸಾಲ್ವೆಂಟ್‌ನಲ್ಲಿ ಬೆರೆಸಿದ್ದು. ಗುರುತು ಹಿಡಿಯುವುದು ಸುಲಭ. ನೀರಿನದು ಸಾಮಾನ್ಯವಾಗಿ ಹಾಲಿನಂತೆ ಬೆಳ್ಳಗಿರುತ್ತದೆ, ವಾಸನೆ ಕಡಿಮೆ. ಸಾಲ್ವೆಂಟಿನದು ತಿಳಿಯಾಗಿ ಎಣ್ಣೆಯಂತೆ ಇರುತ್ತದೆ. ಮುಚ್ಚಳ ತೆಗೆದರೆ ಥಿನ್ನರ್ ವಾಸನೆ ಮೂಗಿಗೆ ಹೊಡೆಯುತ್ತದೆ. ಬಾಟಲಿ ಮೇಲೆ ಬೆಂಕಿಯ ಚಿಹ್ನೆಯೂ ಇರುತ್ತದೆ. ಲೇಬಲ್ಲಿನಲ್ಲಿ ವಾಟರ್ ಬೇಸ್ಡ್ ಅಂತ ಬರೆದಿದ್ದರೆ ಯೋಚನೆಯೇ ಬೇಡ.

ಸಾಲ್ವೆಂಟ್ ಪಾಲಿಶ್ ಒದ್ದೆಯಾದ ಹಾಗೆ ಹೊಳೆಯುತ್ತದೆ, ಮಳೆಗೂ ಜಾಸ್ತಿ ದಿನ ತಡೆಯುತ್ತದೆ. ಆದರೆ ಜಿಡ್ಡು ಉಳಿಯುತ್ತದೆ, ಚಕ್ರ ತಿರುಗಿದಾಗ ಬಾಡಿಗೆ ಸಿಡಿಯುತ್ತದೆ, ಪದೇ ಪದೇ ಹಚ್ಚಿದರೆ ರಬ್ಬರಿಗೂ ಒಳ್ಳೆಯದಲ್ಲ. ನೀರಿನದು ಮಂದವಾದ ಕಪ್ಪು ಕೊಡುತ್ತದೆ, ಬೇಗ ಒಣಗುತ್ತದೆ, ಧೂಳು ಅಷ್ಟಾಗಿ ಅಂಟುವುದಿಲ್ಲ. ಎರಡು ಮೂರು ಜೋರು ಮಳೆಗೆ ತೊಳೆದು ಹೋಗುತ್ತದೆ, ಅದೊಂದೇ ಅದರ ಕೊರತೆ. ಎಚ್.ಡಿ. ಕೋಟೆ, ಹುಣಸೂರು ಕಡೆಯ ಹಳ್ಳಿ ರಸ್ತೆಯಲ್ಲಿ ಓಡಾಡುವವರಿಗೆ ನಾನು ಕಣ್ಣುಮುಚ್ಚಿ ನೀರಿನದೇ ಹೇಳುತ್ತೇನೆ. ಆ ಕೆಮ್ಮಣ್ಣಿನ ಧೂಳಿಗೆ ಜಿಡ್ಡು ಟೈರ್ ಸಿಕ್ಕಿದರೆ ಮುಗಿಯಿತು.

ಸಿಲಿಕಾನ್ ಇದ್ದರೆ ಟೈರ್ ಹಾಳಾಗುತ್ತದೆ ಅನ್ನುವ ಮಾತನ್ನು ನೀವು ಕೇಳಿರುತ್ತೀರಿ. ಸಿಲಿಕಾನ್ ಎಣ್ಣೆ ಎರಡೂ ಜಾತಿಯಲ್ಲಿ ಇರುತ್ತದೆ. ಕಪ್ಪು ಮೆರುಗು ಬರುವುದೇ ಬಹುಪಾಲು ಅದರಿಂದ. ಅದು ರಬ್ಬರನ್ನು ತಿನ್ನುವುದಿಲ್ಲ. ತೊಂದರೆ ಇರುವುದು ಅದನ್ನು ಕರಗಿಸಿರುವ ಸಾಲ್ವೆಂಟಿನಲ್ಲಿ. ಸಿಲಿಕಾನ್‌ನಿಂದ ನಿಜವಾಗಿ ಕಷ್ಟಪಡುವವರು ಪೇಂಟ್ ಮಾಡುವವರು. ಬಾಡಿ ಮೇಲೆ ಅದರ ಒಂದು ಹನಿ ಉಳಿದಿದ್ದರೂ ಹೊಸ ಪೇಂಟ್ ಆ ಜಾಗದಲ್ಲಿ ಕೂರದೆ ಸಣ್ಣ ಸಣ್ಣ ಗುಳಿ ಬೀಳುತ್ತದೆ. ಬಂಪರ್ ಅಥವಾ ಡೋರ್ ಪೇಂಟಿಗೆ ಕೊಡುವ ವಾರದಲ್ಲಿ ಟೈರಿಗೆ ಏನೂ ಹಚ್ಚಬೇಡಿ.

ಹೆಸರು ಹೇಳಿ ಅಂತ ಕೇಳಿದರೆ: ನೀರು ಬೆರೆಸಿ ಬಳಸುವಂಥದ್ದು ತಗೊಂಡರೆ ದುಡ್ಡಿಗೆ ಮೋಸವಿಲ್ಲ. ಕಾರ್‌ಪ್ರೋ ಪರ್ಲ್ ಅಂಥದ್ದು. ಟೈರಿಗೆ ಸಮ ಪ್ರಮಾಣದ ನೀರು ಬೆರೆಸಿ ಹಚ್ಚಬಹುದು. ಅದನ್ನೇ ಒಂದಕ್ಕೆ ಮೂರು ಪಾಲು ನೀರಿನಲ್ಲಿ ತೆಳು ಮಾಡಿದರೆ ಹೊರಗಿನ ಕಪ್ಪು ಪ್ಲಾಸ್ಟಿಕ್ ಭಾಗಗಳಿಗೂ ಆಗುತ್ತದೆ. ಮೆಗ್ವಾಯರ್ಸ್ ಹೈಪರ್ ಡ್ರೆಸ್ಸಿಂಗ್ ಕೂಡ ಹೀಗೇ. ಹೊಳಪು ಬೇಕಾದವರು ಒಂದಕ್ಕೊಂದು, ಬೇಡವಾದವರು ಒಂದಕ್ಕೆ ನಾಲ್ಕು ಪಾಲು ನೀರಿನವರೆಗೂ ಹೋಗಬಹುದು. ಅದೇ ಕಂಪನಿಯ ಎಂಡ್ಯೂರೆನ್ಸ್ ಜೆಲ್ ನೇರಳೆ ಬಣ್ಣದ್ದು, ಹೊಳಪು ಜಾಸ್ತಿ, ಬಾಳಿಕೆಯೂ ಜಾಸ್ತಿ. ತೆಳುವಾಗಿ ಹಚ್ಚುವ ತಾಳ್ಮೆ ಇದ್ದವರಿಗೆ ಮಾತ್ರ ಅದು. ಇದೇ ಬ್ರ್ಯಾಂಡ್ ಆಗಬೇಕು ಅಂತೇನಿಲ್ಲ. ಲೇಬಲ್ ಓದಿ, ನೀರಿನದೋ ಅಲ್ಲವೋ ನೋಡಿ, ಅಷ್ಟೇ. ಡಬ್ಬಿಯಿಂದ ನೇರ ಟೈರಿಗೆ ಹೊಡೆಯುವ ಏರೋಸಾಲ್ ಸ್ಪ್ರೇ ಮಾತ್ರ ಬೇಡ ಅಂತೀನಿ. ಟೈರಿಗೆ ಬೀಳುವುದು ಅರ್ಧ. ಉಳಿದದ್ದು ರಿಮ್ಮಿನ ಸಂದಿಯಿಂದ ಬ್ರೇಕ್ ಡಿಸ್ಕಿಗೆ ಹೋಗಿ ಕೂರುತ್ತದೆ. ಬ್ರೇಕ್ ಮೇಲೆ ಜಿಡ್ಡು ಕೂತರೆ ಏನಾಗುತ್ತದೆ ಅಂತ ಬಿಡಿಸಿ ಹೇಳಬೇಕಿಲ್ಲ, ಅಲ್ವಾ.

ಇನ್ನು ತೊಳೆಯುವ ಕೆಲಸ. ಬಾಡಿ ತೊಳೆಯುವ ಮೊದಲೇ ಟೈರ್, ರಿಮ್ ಮುಗಿಸಿಕೊಳ್ಳಿ. ಇಲ್ಲದಿದ್ದರೆ ಇಲ್ಲಿಂದ ಹಾರುವ ಕೊಳಕು ತೊಳೆದ ಬಾಡಿ ಮೇಲೆ ಬೀಳುತ್ತದೆ. ಗಾಡಿ ಓಡಿಸಿಕೊಂಡು ಬಂದ ಕೂಡಲೇ ಶುರು ಮಾಡಬೇಡಿ. ಅರ್ಧ ಗಂಟೆ ನೆರಳಲ್ಲಿ ನಿಲ್ಲಿಸಿ. ಟೈರ್ ಮುಟ್ಟಿದರೆ ತಣ್ಣಗಿರಬೇಕು. ಬಿಸಿ ರಬ್ಬರಿನ ಮೇಲೆ ಕ್ಲೀನರ್ ಹಾಕಿದರೆ ತಿಕ್ಕುವ ಮೊದಲೇ ಒಣಗಿ ಕಲೆ ಕಟ್ಟುತ್ತದೆ.

ಬೇಕಾದ ಸಾಮಾನು ಹೆಚ್ಚೇನಿಲ್ಲ. ಆಲ್ ಪರ್ಪಸ್ ಕ್ಲೀನರ್, ಒಂದು ಪಾಲಿಗೆ ನಾಲ್ಕು ಪಾಲು ನೀರು ಬೆರೆಸಿ ಸ್ಪ್ರೇ ಬಾಟಲಿಯಲ್ಲಿ. ಅಂಗೈಗೆ ಕೂರುವ ಗಡುಸು ನೈಲಾನ್ ಬ್ರಷ್. ಬಟ್ಟೆ ಒಗೆಯುವ ಬ್ರಷ್ಷೂ ಆಗುತ್ತದೆ, ಆದರೆ ಅದು ಟೈರಿಗೇ ಮೀಸಲಾಗಿರಲಿ, ಅಲಾಯ್ ಮೇಲೆ ಆಡಿಸಬೇಡಿ, ಗೀರು ಬೀಳುತ್ತದೆ. ಪಾತ್ರೆ ತೊಳೆಯುವ ಲಿಕ್ವಿಡ್ ಇದಕ್ಕೆ ಸಾಲದು. ಹಳೆ ಪಾಲಿಶ್ ಬಿಡಿಸುವ ಬಲ ಅದಕ್ಕಿಲ್ಲ. ಆ್ಯಸಿಡ್ ಇರುವ ವೀಲ್ ಕ್ಲೀನರ್ ಬೇಡವೇ ಬೇಡ.

ಮೊದಲು ನೀರು ಬಿಟ್ಟು ಮಣ್ಣು ಇಳಿಸಿ. ಮಡ್‌ಗಾರ್ಡ್ ಒಳಗೂ ಒಮ್ಮೆ ನೀರು ಹೊಡೆಯಿರಿ. ಆಮೇಲೆ ಟೈರಿನ ಸುತ್ತ ಕ್ಲೀನರ್ ಸ್ಪ್ರೇ ಮಾಡಿ, ಒಂದು ನಿಮಿಷ ಬಿಟ್ಟು ತಿಕ್ಕಿ. ಒಂದೇ ದಿಕ್ಕಿಗೆ ಬೇಡ. ಸುತ್ತಲೂ ಒಮ್ಮೆ, ರಿಮ್ಮಿನಿಂದ ಹೊರಕ್ಕೆ ಇನ್ನೊಮ್ಮೆ. ಕಂಪನಿಯ ಹೆಸರು, ಸೈಜ್ ಬರೆದ ಉಬ್ಬು ಅಕ್ಷರಗಳ ಸಂದಿಯಲ್ಲೇ ಕೊಳೆ ಕೂತಿರುತ್ತದೆ. ಅಲ್ಲಿ ಸ್ವಲ್ಪ ಒತ್ತಿ ತಿಕ್ಕಿ. ಈಗ ನೊರೆ ನೋಡಿ. ಕಾಫಿ ಡಿಕಾಕ್ಷನ್ ಹಾಗೆ ಕಂದು ನೀರು ಇಳಿಯುತ್ತದೆ. ಅದು ಮಣ್ಣು, ಮೇಲೆ ಬಂದು ಕಂದಾದ ಆ ರಾಸಾಯನಿಕ, ಹಿಂದೆ ಯಾರೋ ಹಚ್ಚಿದ ಪಾಲಿಶ್, ಎಲ್ಲ ಸೇರಿದ್ದು. ನೀರು ಹಾಕಿ ಇಳಿಸಿ, ಮತ್ತೆ ಸ್ಪ್ರೇ ಮಾಡಿ, ಮತ್ತೆ ತಿಕ್ಕಿ. ಎರಡನೇ ಸಲ ನೊರೆ ತಿಳಿಯಾಗುತ್ತದೆ. ಬೆಳ್ಳಗೆ ಆಗುವ ತನಕ ಬಿಡಬೇಡಿ. ವರ್ಷಗಟ್ಟಲೆ ಪಾಲಿಶ್ ಮೇಲೆ ಪಾಲಿಶ್ ಮೆತ್ತಿದ ಟೈರಾದರೆ ನಾಲ್ಕೈದು ಸಲವೂ ಬೇಕಾಗಬಹುದು. ಬ್ರಷ್ ಮೊದಲು ಜಾರುತ್ತಿರುತ್ತದೆ. ಜಿಡ್ಡು ಹೋದ ಮೇಲೆ ರಬ್ಬರ್ ಅದನ್ನು ಹಿಡಿಯುತ್ತದೆ. ಆ ವ್ಯತ್ಯಾಸ ಕೈಗೇ ಗೊತ್ತಾಗುತ್ತದೆ.

ಹೊಸ ಟೈರ್ ಹಾಕಿಸಿದ್ದರೂ ಈ ತೊಳೆತ ತಪ್ಪಿಸಬೇಡಿ. ಅಚ್ಚಿನಿಂದ ಸಲೀಸಾಗಿ ಬಿಡಲಿ ಅಂತ ಫ್ಯಾಕ್ಟರಿಯಲ್ಲಿ ಒಂದು ಲೇಪ ಬಳಸುತ್ತಾರೆ. ಅದರ ಅಂಶ ಮೇಲೆ ಉಳಿದಿರುತ್ತದೆ. ಅದರ ಮೇಲೆ ಏನು ಹಚ್ಚಿದರೂ ಸರಿಯಾಗಿ ಹಿಡಿಯುವುದಿಲ್ಲ.

ತೊಳೆದ ಟೈರ್ ಮುಂದೆ ಕುಕ್ಕರಗಾಲಲ್ಲಿ ಕೂತಿದ್ದೀರಲ್ಲ, ಹಾಗೇ ಒಮ್ಮೆ ಕಣ್ಣು ಹಾಯಿಸಿ. ಸೈಡ್‌ವಾಲ್ (ಟೈರಿನ ಪಕ್ಕದ ಗೋಡೆ) ಎಲ್ಲಾದರೂ ಉಬ್ಬಿದೆಯಾ, ಕೊಯ್ದಿದೆಯಾ, ಕೂದಲೆಳೆಯಂಥ ಬಿರುಕು ಇದೆಯಾ. ಅಲ್ಲೇ ಡಿ.ಓ.ಟಿ. ಅಂತ ಶುರುವಾಗುವ ಸಾಲಿನ ಕೊನೆಗೆ ನಾಲ್ಕು ಅಂಕಿ ಇರುತ್ತದೆ. 2319 ಅಂತಿದ್ದರೆ 2019ನೇ ಇಸವಿಯ 23ನೇ ವಾರದಲ್ಲಿ ತಯಾರಾದ ಟೈರ್. ಗ್ರಿಪ್ಪಿನ ಸಂದಿಯಲ್ಲಿ ಅಡ್ಡಡ್ಡ ಸಣ್ಣ ದಿಬ್ಬಗಳಿರುತ್ತವೆ. ಗ್ರಿಪ್ ಆ ಮಟ್ಟಕ್ಕೆ ಸವೆದಿದ್ದರೆ ಉಳಿದಿರುವುದು 1.6 ಮಿಲಿಮೀಟರ್ ಅಂತ ಅರ್ಥ, ಟೈರ್ ಬದಲಾಯಿಸಲೇಬೇಕು. ಪಾಲಿಶ್ ಯಾವ ಬಿರುಕನ್ನೂ ಮುಚ್ಚಿ ವಾಸಿ ಮಾಡುವುದಿಲ್ಲ, ಕಣ್ಣಿಗೆ ಮರೆ ಮಾಡುತ್ತದೆ. ಸೆಕೆಂಡ್ ಹ್ಯಾಂಡ್ ಕಾರ್ ನೋಡಲು ಹೋದಾಗ ಟೈರ್ ಮಿರಮಿರ ಮಿಂಚುತ್ತಿದ್ದರೆ ಒದ್ದೆ ಬಟ್ಟೆ ಕೇಳಿ ಇಸ್ಕೊಂಡು ಒರೆಸಿ, ಬಗ್ಗಿ ನೋಡಿ, ಆ ನಾಲ್ಕು ಅಂಕಿ ಓದಿ. ಸಂಕೋಚ ಬೇಡ.

ತೊಳೆದ ಮೇಲೆ ಪೂರ್ತಿ ಒಣಗಬೇಕು. ಜನ ಅವಸರ ಮಾಡುವುದು ಇಲ್ಲೇ. ಮೇಲೆ ಒಣಗಿದಂತೆ ಕಂಡರೂ ರಿಮ್ಮಿಗೆ ಸೇರುವ ಅಂಚಿನಲ್ಲಿ, ಅಕ್ಷರದ ಸಂದಿಯಲ್ಲಿ ನೀರು ನಿಂತಿರುತ್ತದೆ. ಒದ್ದೆ ಇದ್ದ ಕಡೆ ಪಾಲಿಶ್ ತೆಳುವಾಗಿ ಪಟ್ಟೆ ಪಟ್ಟೆ ಬೀಳುತ್ತದೆ. ಹಳೆ ಬನಿಯನ್ ಬಟ್ಟೆಯಲ್ಲಿ ಒತ್ತಿ ಒರೆಸಿ. ಬ್ಲೋವರ್ ಇದ್ದರೆ ಗಾಳಿ ಹೊಡೆಯಿರಿ. ಇಲ್ಲದಿದ್ದರೆ ಬಾಡಿ ತೊಳೆದು ಒರೆಸುವಷ್ಟು ಹೊತ್ತು ಹಾಗೇ ಬಿಡಿ. ಬೋರ್‌ವೆಲ್ ನೀರಾದರೆ ಒರೆಸಲೇಬೇಕು. ಅದು ತಾನಾಗಿ ಒಣಗಿದರೆ ಬಿಳಿ ಉಪ್ಪಿನ ಗೆರೆ ಉಳಿದು ಪಾಲಿಶ್ ಅಡಿಯಿಂದಲೂ ಕಾಣುತ್ತದೆ.

ಹಚ್ಚುವುದಕ್ಕೆ ಸ್ಪಾಂಜ್ ಒಂದು, ಎರಡಿಂಚಿನ ಪೇಂಟ್ ಬ್ರಷ್ ಒಂದು. ಪಾಲಿಶನ್ನು ಟೈರಿಗೆ ಸುರಿಯಬೇಡಿ, ಸ್ಪಾಂಜಿಗೆ ಹಾಕಿಕೊಳ್ಳಿ. ಐದು ರೂಪಾಯಿ ನಾಣ್ಯದಷ್ಟು ಅಗಲ ಹಾಕಿದರೆ ಅರ್ಧ ಟೈರಿಗೆ ಬರುತ್ತದೆ. ರಿಮ್ಮಿನ ಅಂಚಿನಿಂದ ಶುರು ಮಾಡಿ ಸುತ್ತಲೂ ಒಂದೇ ಸಮ ಎಳೆಯುತ್ತಾ ಹೋಗಿ. ಅಕ್ಷರಗಳ ಸಂದಿಗೆ, ಅಂಚಿನ ಗೆರೆಗಳಿಗೆ ಪೇಂಟ್ ಬ್ರಷ್ಷಿನ ತುದಿ ಆಡಿಸಿ. ಅಲ್ಲಿ ಸ್ಪಾಂಜ್ ಹೋಗುವುದಿಲ್ಲ, ಹೋದರೂ ಪಾಲಿಶ್ ತುಂಬಿಸಿ ಬಿಟ್ಟು ಬರುತ್ತದೆ. ಒಂದು ಕಾರಿನ ನಾಲ್ಕೂ ಟೈರಿಗೆ 20ರಿಂದ 30 ಮಿಲಿ ಸಾಕು. ಅದಕ್ಕಿಂತ ಜಾಸ್ತಿ ಹಿಡಿಯುತ್ತಿದೆ ಅಂದರೆ ದಪ್ಪಗೆ ಹಚ್ಚುತ್ತಿದ್ದೀರಿ ಅಂತ.

ಟೈರಿನ ಕೆಳಗಡೆ, ನೆಲಕ್ಕೆ ಒತ್ತಿಕೊಂಡ ಜಾಗಕ್ಕೆ ಕೈ ಸರಿಯಾಗಿ ಹೋಗುವುದಿಲ್ಲ. ನಾಲ್ಕೂ ಆದ ಮೇಲೆ ಗಾಡಿಯನ್ನು ಅರ್ಧ ಸುತ್ತು ಮುಂದಕ್ಕೆ ತಗೊಂಡು ಉಳಿದದ್ದನ್ನು ಮುಗಿಸಿ. ಈ ಎರಡು ನಿಮಿಷದ ಕೆಲಸ ಬಿಟ್ಟರೆ ನಾಲ್ಕೂ ಟೈರಿನಲ್ಲಿ ಒಂದೊಂದು ಮಾಸಲು ತುಂಡು ಎದ್ದು ಕಾಣುತ್ತದೆ.

ನೆಲಕ್ಕೆ ತಾಗುವ ಗ್ರಿಪ್ ಭಾಗಕ್ಕೆ ಒಂದು ಹನಿಯೂ ಬೀಳಬಾರದು. ಬಿದ್ದರೆ ಆ ಕ್ಷಣವೇ ಕ್ಲೀನರ್ ಹಾಕಿ ತಿಕ್ಕಿ ತೊಳೆಯಿರಿ. ಬೈಕ್, ಸ್ಕೂಟರ್ ಟೈರಿಗಂತೂ ಪಾಲಿಶ್ ಮುಟ್ಟಿಸಲೇಬೇಡಿ. ತಿರುವಿನಲ್ಲಿ ವಾಲಿದಾಗ ಟೈರಿನ ಅಂಚೇ ರಸ್ತೆಗೆ ತಾಗುವುದು. ಅಲ್ಲಿ ಜಿಡ್ಡಿದ್ದರೆ ಗಾಡಿ ಜಾರುತ್ತದೆ. ಗಿರಾಕಿ ಎಷ್ಟೇ ಒತ್ತಾಯ ಮಾಡಿದರೂ ನಮ್ಮಲ್ಲಿ ದ್ವಿಚಕ್ರಕ್ಕೆ ಹಚ್ಚುವುದಿಲ್ಲ.

ಹಚ್ಚಿ ಹತ್ತು ಹದಿನೈದು ನಿಮಿಷ ಬಿಟ್ಟು, ಒಣ ಬಟ್ಟೆಯಲ್ಲಿ ಇಡೀ ಟೈರನ್ನು ಹಗುರವಾಗಿ ಒರೆಸಿ. ಹಚ್ಚಿದ್ದನ್ನೇ ಒರೆಸೋದಾ ಅಂತ ಕೇಳುತ್ತಾರೆ. ಹೌದು. ರಬ್ಬರ್ ಹಿಡಿದುಕೊಂಡದ್ದು ಬಟ್ಟೆಗೆ ಬರುವುದಿಲ್ಲ, ಹಿಡಿಯದೆ ಮೇಲೆ ಉಳಿದದ್ದು ಮಾತ್ರ ಬರುತ್ತದೆ. ಆ ಉಳಿದದ್ದೇ ಆಮೇಲೆ ಬಾಡಿಗೆ ಸಿಡಿಯುವುದು, ಧೂಳು ಅಂಟಿಸಿಕೊಳ್ಳುವುದು. ಒರೆಸಿದ ಮೇಲೆ ಬೆರಳಿಂದ ಸವರಿ ನೋಡಿ. ಬೆರಳು ಒಣಗಿದ್ದರೆ ಕೆಲಸ ಸರಿಯಾಗಿದೆ. ಜಾರಿದರೆ ಇನ್ನೊಮ್ಮೆ ಒರೆಸಿ. ಬಣ್ಣ ಇನ್ನೂ ಸಾಲದು ಅನ್ನಿಸಿದರೆ, ಬಿಸಿಲು ತಿಂದ ಹಳೆ ಟೈರಿಗೆ ಹೀಗಾಗುತ್ತದೆ, ಇನ್ನೊಂದು ತೆಳು ಕೋಟ್ ಕೊಟ್ಟು ಅದನ್ನೂ ಒರೆಸಿ. ಒಂದು ದಪ್ಪ ಕೋಟಿಗಿಂತ ಎರಡು ತೆಳು ಕೋಟ್ ಯಾವಾಗಲೂ ಮೇಲು. ಆಮೇಲೆ ಅರ್ಧ ಗಂಟೆಯಾದರೂ ಗಾಡಿ ತೆಗೆಯಬೇಡಿ. ಜೆಲ್ ಆದರೆ ಇನ್ನೂ ಜಾಸ್ತಿ ಹೊತ್ತು ಬಿಡಿ.

ಇಷ್ಟಾಗಿಯೂ ಚಕ್ರದ ಹಿಂದಿನ ಬಾಡಿ ಮೇಲೆ ಕಪ್ಪು ಚುಕ್ಕೆ ಕಂಡರೆ ಒಣ ಬಟ್ಟೆಯಲ್ಲಿ ಉಜ್ಜಬೇಡಿ, ಹರಡುತ್ತದೆ. ಕಾರ್ ಶಾಂಪೂ ನೀರಲ್ಲಿ ಅದ್ದಿದ ಮೈಕ್ರೋಫೈಬರ್ ಬಟ್ಟೆಯಿಂದ ಒತ್ತಿ ತೆಗೆಯಿರಿ. ಒಣಗಿ ಕೂತಿದ್ದರೆ ಟಾರ್ ರಿಮೂವರ್ ಸ್ವಲ್ಪ ಹಾಕಿ ತೆಗೆದು, ಆ ಜಾಗವನ್ನು ಶಾಂಪೂವಿನಿಂದ ತೊಳೆದುಬಿಡಿ. ಪೆಟ್ರೋಲ್ ಹಾಕಿ ಒರೆಸಬೇಡಿ.

ಬೇಸಿಗೆಯಲ್ಲಿ ಎರಡು ಮೂರು ವಾರಕ್ಕೊಮ್ಮೆ ಹಚ್ಚಿದರೆ ಸಾಕು. ಜೂನ್‌ನಿಂದ ಸೆಪ್ಟೆಂಬರ್ ತನಕ, ಕೊಡಗು, ಮಂಗಳೂರು ಕಡೆ ಓಡಾಡುವವರು ಹಚ್ಚದಿದ್ದರೂ ನಡೆಯುತ್ತದೆ. ತೊಳೆದು ಸ್ವಚ್ಛ ಇಟ್ಟುಕೊಂಡರೆ ಬರೀ ರಬ್ಬರೇ ಚೆನ್ನಾಗಿ ಕಾಣುತ್ತದೆ. ಸ್ಪಾಂಜನ್ನು ಪ್ರತಿ ಸಲ ತೊಳೆಯಬೇಕಿಲ್ಲ. ಜಿಪ್ ಕವರಿನಲ್ಲಿ ಹಾಕಿಟ್ಟರೆ ಮುಂದಿನ ಸಲ ಪಾಲಿಶ್ ಕಡಿಮೆ ಹಿಡಿಯುತ್ತದೆ. ಅದರೊಳಗೆ ಮರಳು ಸೇರಿಕೊಂಡಿದೆ ಅನ್ನಿಸಿದ ದಿನ ಎಸೆದು ಹೊಸದು ತಗೊಳ್ಳಿ. ಸ್ಟೆಪ್ನಿಗೆ ಪಾಲಿಶ್ ಬೇಕಿಲ್ಲ. ಅದರ ಗಾಳಿ ಚೆಕ್ ಮಾಡಿ.

ಆಯುಧಪೂಜೆಗೆ ಮಾತ್ರ ಎಲ್ಲರಿಗೂ ಟೈರ್ ಕಪ್ಪಗಿರಲೇಬೇಕು, ಆಗ ಮೈಸೂರಲ್ಲಿ ನಮಗೆ ನಿಲ್ಲಲು ಪುರುಸೊತ್ತಿರುವುದಿಲ್ಲ. ಪೂಜೆಯ ಬೆಳಿಗ್ಗೆ ಹಚ್ಚಿಸಬೇಡಿ, ಹಿಂದಿನ ದಿನವೇ ಮುಗಿಸಿಕೊಳ್ಳಿ. ಹಸಿ ಪಾಲಿಶ್ ಮೇಲೆ ಅರಿಶಿನ, ಕುಂಕುಮ ಬಿದ್ದರೆ ಅದು ಅಲ್ಲೇ ಹಿಡಿದುಕೊಂಡು ಕೆಸರಿನಂತೆ ಕಟ್ಟುತ್ತದೆ. ಒಣಗಿ ಒರೆಸಿದ ಟೈರಾದರೆ ಹಬ್ಬ ಮುಗಿದ ಮೇಲೆ ಒದ್ದೆ ಬಟ್ಟೆಯಲ್ಲಿ ಸಲೀಸಾಗಿ ಬಿಡುತ್ತದೆ. ನಿಂಬೆಹಣ್ಣು ಚಕ್ರದಡಿ ಒಡೆದ ಮೇಲೆ ರಸ ಅಲಾಯ್ ಮೇಲೆ ಸಿಡಿದಿದ್ದರೆ ಅದೇ ದಿನ ನೀರು ಹಾಕಿ ತೊಳೆಯಿರಿ. ಹುಳಿ ಒಣಗಿ ಕೂತರೆ ಕಲೆ ಉಳಿಯುತ್ತದೆ.